ಮೊದಲ ಸಹಿ ಯಾರದ್ದು?

ಪಕ್ಕದ ತಾಲ್ಲೂಕಿನ ಸಣ್ಣ ಪಟ್ಟಣವೊಂದರ ಮನವಿ ಪತ್ರ ನಿನ್ನೆಯಿಂದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ‘ನಮ್ಮ ವಾರ್ಡಿನ ಸದಸ್ಯರ ಮೇಲೆ ನಮಗೆ ವಿಶ್ವಾಸವಿಲ್ಲ, ಅವರನ್ನು ವಾಪಸ್ ಕರೆಸಿಕೊಳ್ಳುತ್ತಿದ್ದೇವೆ’ ಅಂತ ಮೇಲೆ ದಪ್ಪ ಅಕ್ಷರ. ಕೆಳಗೆ ಪುಟಗಟ್ಟಲೆ ಸಹಿ, ನಡುನಡುವೆ ಹೆಬ್ಬೆಟ್ಟು, ಪ್ರತಿ ಹೆಸರಿನ ಮುಂದೆ ಮತದಾರರ ಗುರುತಿನ ಚೀಟಿಯ ನಂಬರು. ಕೊನೆಯ ಪುಟದಲ್ಲಿ ಕಚೇರಿಯ ಸ್ವೀಕೃತಿ ಮೊಹರು.

ಆ ಮೊಹರು ನೋಡಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಕೂಲಿ ಬಿಟ್ಟು ಮನೆಮನೆ ಸುತ್ತಿ ಸಹಿ ತಂದ ಆ ಜನರ ಕಾಲಿಗೆ ಬೀಳಬೇಕು. ನನ್ನ ಸಿಟ್ಟು ಕಾಗದ ತೆಗೆದುಕೊಂಡು, ಮೊಹರು ಒತ್ತಿ, ‘ಪರಿಶೀಲಿಸುತ್ತೇವೆ’ ಅಂತ ಹೇಳಿ ಕಳಿಸಿದವರ ಮೇಲೆ. ಪರಿಶೀಲಿಸುವುದಕ್ಕೆ ಅಲ್ಲಿ ಏನಿದೆ? ಮತದಾರರು ಸಹಿ ಹಾಕಿ ಗ್ರಾಮ ಪಂಚಾಯ್ತಿ ಸದಸ್ಯರನ್ನಾಗಲಿ, ಪುರಸಭೆ ಸದಸ್ಯರನ್ನಾಗಲಿ ಇಳಿಸುವ ಕಾನೂನೇ ಕರ್ನಾಟಕದಲ್ಲಿ ಇಲ್ಲ. ಇದನ್ನು ಅವರ ಮುಖಕ್ಕೆ ಹೇಳಲು ಒಂದು ನಿಮಿಷ ಸಾಕಿತ್ತು. ಹಳ್ಳಿಯಲ್ಲಾದರೆ ಅಷ್ಟೂ ಸಹಿಗಳು ಬೇರೆ ಕಾಗದದ ಮೇಲೆ ಬಿದ್ದು ಕೆಲಸಕ್ಕೆ ಬರುತ್ತಿದ್ದವು. ಆ ಬೇರೆ ಕಾಗದ ಯಾವುದು ಅಂತ ಮುಂದೆ ಬರೆಯುತ್ತೇನೆ.

ಪಂಚಾಯ್ತಿ ಕಾಯ್ದೆಯ ವಿಚಾರದಲ್ಲಿ ನಾನು ಎಷ್ಟು ಸಲ ಇಲ್ಲಿ ಬರೆದಿದ್ದೇನೆಂದು ಹಳಬರಿಗೆ ಗೊತ್ತು. ಈ ಒಂದು ವಿಷಯ ಮಾತ್ರ ಎಷ್ಟು ಸಲ ಹೇಳಿದರೂ ಸಾಲದು.

ಮನವಿಯ ಕೆಳಗೆ ಬಂದ ಕಾಮೆಂಟುಗಳಲ್ಲಿ ಅರ್ಧಕ್ಕರ್ಧ ‘ಅವಿಶ್ವಾಸ ತನ್ನಿ’ ಅನ್ನುವ ಸಲಹೆ. ಯಾರು ತರಬೇಕು, ಯಾರ ಮೇಲೆ ತರಬೇಕು ಅನ್ನುವುದು ಆ ಸಲಹೆ ಕೊಟ್ಟವರಿಗೇ ಸ್ಪಷ್ಟವಿಲ್ಲ. ಅವಿಶ್ವಾಸ ಇರುವುದು ಅಧ್ಯಕ್ಷ, ಉಪಾಧ್ಯಕ್ಷರ ಮೇಲೆ ಮಾತ್ರ. ಸಾಮಾನ್ಯ ಸದಸ್ಯರ ಮೇಲೆ ಅವಿಶ್ವಾಸವೇ ಇಲ್ಲ. ಅಧ್ಯಕ್ಷರು ಅವಿಶ್ವಾಸದಲ್ಲಿ ಸೋತರೂ ಹೋಗುವುದು ಕುರ್ಚಿಯಷ್ಟೇ, ಸದಸ್ಯತ್ವ ಹಾಗೇ ಉಳಿಯುತ್ತದೆ. ಮುಂದಿನ ಸಭೆಯಲ್ಲಿ ಅದೇ ಮೇಜಿನ ಇನ್ನೊಂದು ಬದಿಯಲ್ಲಿ ಕೂರುತ್ತಾರೆ. ಎಲ್ಲಕ್ಕಿಂತ ದೊಡ್ಡದು, ಅವಿಶ್ವಾಸಕ್ಕೆ ಸಹಿ ಹಾಕುವವರು ಸದಸ್ಯರು. ಮತದಾರನಿಗೆ ಅಲ್ಲಿ ಜಾಗವೇ ಇಲ್ಲ.

ಗ್ರಾಮ ಪಂಚಾಯ್ತಿಯ ಲೆಕ್ಕ ನೋಡಿ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 49. ಅಧ್ಯಕ್ಷರು ಆಯ್ಕೆಯಾಗಿ 15 ತಿಂಗಳು ಕಳೆಯುವವರೆಗೆ ಸುಮ್ಮನೆ ವಿಶ್ವಾಸವಿಲ್ಲ ಅಂತ ಅವಿಶ್ವಾಸ ತರುವ ಹಾಗಿಲ್ಲ. ಅಧ್ಯಕ್ಷರ ಅವಧಿಯೇ 30 ತಿಂಗಳು, ಅಂದರೆ ಅರ್ಧ ಅವಧಿ ಅವರು ನಿಶ್ಚಿಂತ. ಆಮೇಲೆ ಒಟ್ಟು ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಜನ ನೋಟಿಸಿಗೆ ಸಹಿ ಹಾಕಬೇಕು, ಗೊತ್ತುವಳಿ ಪಾಸಾಗಲು ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬೇಕು. ಹಾಜರಿದ್ದವರ ಲೆಕ್ಕ ಇಲ್ಲಿ ನಡೆಯುವುದಿಲ್ಲ. 17 ಸದಸ್ಯರ ಪಂಚಾಯ್ತಿಯಲ್ಲಿ ನೋಟಿಸಿಗೆ 9 ಸಹಿ, ಪಾಸಾಗಲು 12 ಮತ. ಐದು ಜನ ಸಭೆಗೆ ಬರದೆ ಕೂತರೂ ಉಳಿದ 12 ಜನ ಒಟ್ಟಾಗಿದ್ದರೆ ಸಾಕು. ಆರನೆಯವನೊಬ್ಬ ಜಾರಿದರೆ ಎಲ್ಲ ಮುಗಿಯಿತು.

ಮುಗಿಯುವುದು ಹೇಗೆ ಅಂತ ಹಳ್ಳಿಯಲ್ಲಿ ಇರುವವರಿಗೆಲ್ಲ ಗೊತ್ತು. ನೋಟಿಸು ನಿಗದಿತ ನಮೂನೆಯಲ್ಲೇ ಇರಬೇಕು, ಸಹಿ ಹಾಕಿದವರಲ್ಲಿ ಇಬ್ಬರು ಖುದ್ದಾಗಿ ಹೋಗಿ ಎಸಿಯವರಿಗೆ (ಉಪವಿಭಾಗಾಧಿಕಾರಿಗೆ) ಕೊಡಬೇಕು. ಎಸಿಯವರು 30 ದಿನದೊಳಗೆ ಪಂಚಾಯ್ತಿ ಕಚೇರಿಯಲ್ಲಿ ಸಭೆ ಕರೆಯಬೇಕು, ಸದಸ್ಯರಿಗೆ ಪೂರ್ತಿ 15 ದಿನ ಮುಂಚೆ ನೋಟಿಸು ತಲುಪಿರಬೇಕು. ‘ಪೂರ್ತಿ’ ಅಂದರೆ ತಲುಪಿದ ದಿನವೂ ಬಿಟ್ಟು, ಸಭೆಯ ದಿನವೂ ಬಿಟ್ಟು. ಈ ಎಣಿಕೆಯಲ್ಲಿ ಒಂದು ದಿನ ತಪ್ಪಿದರೆ ಸಾಕು, ಅಧ್ಯಕ್ಷರು ಬೆಂಗಳೂರಿಗೋ ಧಾರವಾಡಕ್ಕೋ ಕಲಬುರಗಿಗೋ ಹೋಗಿ ಹೈಕೋರ್ಟಿನಿಂದ ತಡೆಯಾಜ್ಞೆ ತರುತ್ತಾರೆ. ಮನೆ ಬಾಗಿಲಿಗೆ ಅಂಟಿಸಿ ಹೋದ ನೋಟಿಸು, ಊರಲ್ಲಿಲ್ಲದ ಸದಸ್ಯನ ಹೆಸರಿನಲ್ಲಿ ಮನೆಯವರು ಹಾಕಿದ ಸಹಿ, ‘ಈ ಸಹಿ ನನ್ನದಲ್ಲ’ ಅಂತ ಕೊನೆಯ ವಾರ ಬರುವ ಅಫಿಡವಿಟ್ಟು, ಇವೆಲ್ಲ ಗೊತ್ತುವಳಿ ಬೀಳುವ ಮಾಮೂಲಿ ದಾರಿಗಳು.

ಈ ಎರಡು ವಾರಗಳ ನಡುವೆ ಆಗುವುದೇ ವ್ಯಾಪಾರ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಹಾಗಾಗಿ ಪಕ್ಷಾಂತರದ ಕಟ್ಟುಪಾಡು ಅಲ್ಲಿಗೆ ತಾಗುವುದಿಲ್ಲ, ಹೀಗೇ ಮತ ಹಾಕಿ ಅಂತ ಪಕ್ಷದ ಆದೇಶ, ಅಂದರೆ ವಿಪ್, ಕೊಡುವವರಿಲ್ಲ. ಎರಡೂ ಕಡೆಯವರು ಸದಸ್ಯರನ್ನು ಗಾಡಿಯಲ್ಲಿ ತುಂಬಿಕೊಂಡು ಧರ್ಮಸ್ಥಳ, ತಿರುಪತಿ, ಗೋವಾ ಅಂತ ಸುತ್ತಿಸುತ್ತಾರೆ. ಮಹಿಳಾ ಸದಸ್ಯರಾದರೆ ಜೊತೆಗೆ ಗಂಡಂದಿರೂ ಹೋಗುತ್ತಾರೆ, ಮಾತುಕತೆ ಆ ಗಂಡಂದಿರ ಜೊತೆಗೇ ನಡೆಯುತ್ತದೆ. ಸಭೆಯ ದಿನ ಬೆಳಿಗ್ಗೆ ನೇರ ಪಂಚಾಯ್ತಿ ಬಾಗಿಲಿಗೆ ತಂದಿಳಿಸುತ್ತಾರೆ. ಆ ಖರ್ಚು ಹಾಕಿದವನು ಅದನ್ನು ಎಲ್ಲಿಂದ ತೆಗೆಯುತ್ತಾನೆ? ಅಧ್ಯಕ್ಷರ ಹೆಸರಿನ ಡಿಜಿಟಲ್ ಸಹಿಯ ಡೊಂಗಲ್ ಯಾರ ಕೈಗೆ ಬರುತ್ತದೋ ಅವರಿಂದ. ಹದಿನೈದನೇ ಹಣಕಾಸು ಆಯೋಗದ ಬಿಲ್ಲುಗಳು ಪಾಸಾಗಿದ್ದು ಅಧ್ಯಕ್ಷರು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಇಬ್ಬರ ಆ ಸಹಿಗಳ ಮೇಲೆಯೇ. ಅವಿಶ್ವಾಸ ಗೆದ್ದ ತಿಂಗಳಿನಲ್ಲೇ ಯಾವ ಗುತ್ತಿಗೆದಾರನ ಬಿಲ್ಲು ಮೊದಲು ಹೊರಬಿತ್ತು ಅಂತ ನೋಡಿ, ಗಾಡಿ ಕಳಿಸಿದವರು ಯಾರೆಂದು ಗೊತ್ತಾಗುತ್ತದೆ.

ಸಣ್ಣ ಪಟ್ಟಣಗಳಲ್ಲಿ ಇನ್ನೊಂದು ತೊಡಕು. ಪುರಸಭೆ, ಪಟ್ಟಣ ಪಂಚಾಯ್ತಿಗಳಲ್ಲಿ ಆ ಕ್ಷೇತ್ರದ ಶಾಸಕರು ಮತ್ತು ಸಂಸದರೂ ಮತ ಹಾಕುತ್ತಾರೆ. 23 ವಾರ್ಡಿನ ಪುರಸಭೆಯಲ್ಲಿ ಇವರಿಬ್ಬರೂ ಸೇರಿ 25. ಮೂರನೇ ಎರಡು ಅಂದರೆ 17. ವಾರ್ಡಿನಲ್ಲಿ ಚರಂಡಿ ಕಟ್ಟಿದೆಯೋ ಇಲ್ಲವೋ ಗೊತ್ತಿಲ್ಲದವರ ಎರಡು ಮತ ನಿಮ್ಮ ಅಧ್ಯಕ್ಷರ ಹಣೆಬರಹ ಬರೆಯಬಹುದು. ಇಲ್ಲಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ. ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧಕ್ಕೆಂದೇ 1987ರ ಕಾಯ್ದೆ ಇದೆ, ವಿಪ್ ಇದೆ. ಆದ್ದರಿಂದ ವ್ಯಾಪಾರ ಸದಸ್ಯರ ಮಟ್ಟದಿಂದ ಮೇಲೆ ಹೋಗಿ ಶಾಸಕರ ಮನೆಯ ಹಜಾರದಲ್ಲಿ ನಡೆಯುತ್ತದೆ, ಅಷ್ಟೇ ವ್ಯತ್ಯಾಸ. ಹಳ್ಳಿಗಾದರೂ ಗ್ರಾಮಸಭೆ ಅನ್ನುವುದಿದೆ. ಸಣ್ಣ ಪಟ್ಟಣದ ಮತದಾರನಿಗೆ ಅದೂ ಇಲ್ಲ. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. 20 ಸಾವಿರ, 30 ಸಾವಿರ ಜನರ ಊರಿನವರು ಐದು ವರ್ಷಕ್ಕೊಮ್ಮೆ ಮತ ಹಾಕಿ ಮನೆಗೆ ಹೋಗಬೇಕು.

ಹಾಗಾದರೆ ವಾಪಸ್ ಕರೆಸಿಕೊಳ್ಳುವ ಹಕ್ಕು ನಮ್ಮ ದೇಶದಲ್ಲಿ ಎಲ್ಲೂ ಇಲ್ಲವೇ? ಇದೆ. ಮಧ್ಯಪ್ರದೇಶದ 1961ರ ಪುರಸಭೆ ಕಾಯ್ದೆಗೆ ಪ್ರಕರಣ 47 ಅಂತ ಸೇರಿಸಿ, ಜನರಿಂದ ನೇರವಾಗಿ ಆಯ್ಕೆಯಾದ ಅಧ್ಯಕ್ಷರನ್ನು ಜನರೇ ಗುಪ್ತ ಮತದಾನದಿಂದ ಇಳಿಸಬಹುದು ಅಂತ ಮಾಡಿದರು. ಮತಪತ್ರದಲ್ಲಿ ಎರಡೇ ಚಿತ್ರ: ಒಂದು ಖಾಲಿ ಕುರ್ಚಿ, ಇನ್ನೊಂದು ತುಂಬಿದ ಕುರ್ಚಿ. ಇಳಿಸಬೇಕೆಂದರೆ ಖಾಲಿ ಕುರ್ಚಿಗೆ, ಇರಲಿ ಅಂದರೆ ತುಂಬಿದ ಕುರ್ಚಿಗೆ. ಓದು ಬರಹ ಬಾರದವರಿಗೂ ಗೊಂದಲವಿಲ್ಲ. ಚಲಾಯಿಸಿದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಕುರ್ಚಿಗೆ ಬಿದ್ದರೆ ಅಧ್ಯಕ್ಷರು ಮನೆಗೆ. ಅನೂಪ್ಪುರದಂಥ ಸಣ್ಣ ಊರಿನಲ್ಲಿ ಇದು ನಡೆದು ಅಧ್ಯಕ್ಷರು ಕುರ್ಚಿ ಕಳೆದುಕೊಂಡರು. ಅದೇ ಕಾಯ್ದೆಯ ಬೇರಿನಿಂದ ಬಂದ ಛತ್ತೀಸ್‌ಗಢದಲ್ಲಿ 2008ರ ಜೂನ್‌ನಲ್ಲಿ ನವಾಗಢ, ಗುಂಡರದೇಹಿ, ರಾಜಪುರ ಎಂಬ ಮೂರು ಸಣ್ಣ ಊರುಗಳ ಅಧ್ಯಕ್ಷರನ್ನು ಜನ ಇಳಿಸಿದರು.

ಇದನ್ನು ಕೇಳಿದವರೆಲ್ಲ ‘ನಮ್ಮಲ್ಲೂ ಅದನ್ನೇ ತನ್ನಿ’ ಅನ್ನುತ್ತಾರೆ. ಸ್ವಲ್ಪ ತಡೆಯಿರಿ. ಆ ಮತದಾನ ಶುರುವಾಗುವುದು ಯಾರ ಸಹಿಯಿಂದ ಅಂತ ಕೇಳಿ. ಚುನಾಯಿತ ಸದಸ್ಯರಲ್ಲಿ ಮುಕ್ಕಾಲು ಭಾಗ ಸಹಿ ಹಾಕಿ ಜಿಲ್ಲಾಧಿಕಾರಿಗೆ ಕೊಡಬೇಕು. ಜಿಲ್ಲಾಧಿಕಾರಿ ಸಹಿಗಳು ಸರಿಯಿವೆಯೇ ಅಂತ ನೋಡಿ ರಾಜ್ಯ ಸರ್ಕಾರಕ್ಕೆ ಕಳಿಸಬೇಕು, ಸರ್ಕಾರ ರಾಜ್ಯ ಚುನಾವಣಾ ಆಯೋಗಕ್ಕೆ ಕಳಿಸಬೇಕು. ಅಲ್ಲೂ ಮೊದಲ ಸಹಿ ಮತದಾರನದ್ದಲ್ಲ! 15 ವಾರ್ಡಿನ ಊರಿನಲ್ಲಿ 12 ಸದಸ್ಯರು ಒಂದಾಗಬೇಕು. ಅಧ್ಯಕ್ಷರೂ ಆ ಸದಸ್ಯರೂ ಸೇರಿ ಹಂಚಿಕೊಂಡು ತಿನ್ನುತ್ತಿದ್ದರೆ ಇಡೀ ಊರು ಎದ್ದು ನಿಂತರೂ ಮತಪೆಟ್ಟಿಗೆ ಬರುವುದಿಲ್ಲ. ಅದೇ ಒಬ್ಬ ಅಧ್ಯಕ್ಷೆ ಸದಸ್ಯರ ಕಮಿಷನ್ ನಿಲ್ಲಿಸಿದರೆ ಹನ್ನೆರಡು ಸಹಿ ಒಂದೇ ರಾತ್ರಿಯಲ್ಲಿ ಬೀಳುತ್ತವೆ. ಮತದಾರನಿಗೆ ಕೊನೆಯ ಮಾತು ಕೊಟ್ಟಿದ್ದಾರೆ, ನಿಜ, ಅದು ಸಣ್ಣದೇನಲ್ಲ. ಸದಸ್ಯರ ಸಂಚನ್ನು ಜನ ತುಂಬಿದ ಕುರ್ಚಿಗೆ ಮತ ಹಾಕಿ ಮುರಿಯಬಹುದು. ಮೊದಲ ಮಾತು ಮಾತ್ರ ಸದಸ್ಯರ ಜೇಬಿನಲ್ಲೇ ಉಳಿಯಿತು.

2020ರಲ್ಲಿ ಹರಿಯಾಣ ತನ್ನ ಪಂಚಾಯ್ತಿ ಕಾಯ್ದೆಗೆ ತಿದ್ದುಪಡಿ ತಂದು ಮತದಾರರೇ ಲಿಖಿತವಾಗಿ ಕೇಳಬಹುದು, ಆಮೇಲೆ ಗುಪ್ತ ಮತದಾನ, ಮೂರನೇ ಎರಡರಷ್ಟು ವಿರುದ್ಧ ಬಿದ್ದರೆ ಸರಪಂಚರು ಇಳಿಯಬೇಕು ಅಂತ ಮಾಡಿತು. ಗೆಲ್ಲುವ ಗೆರೆ ತುಂಬಾ ಎತ್ತರದಲ್ಲಿದೆ. ಆದರೂ ದಿಕ್ಕು ಸರಿ, ಅಲ್ಲಿ ಮೊದಲ ಸಹಿ ಊರಿನವನದ್ದು.

ಇದಕ್ಕೆ ಸಂವಿಧಾನ ಅಡ್ಡ ಬರುತ್ತದೆ ಅಂತ ಕೆಲವು ವಕೀಲ ಮಿತ್ರರು ಹೇಳುತ್ತಾರೆ. ಇಲ್ಲ. 1992ರಲ್ಲಿ ಮೋಹನ್‌ಲಾಲ್ ತ್ರಿಪಾಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ಆರಿಸುವುದೂ ಇಳಿಸುವುದೂ ಕಾಯ್ದೆ ಕೊಡುವ ಹಕ್ಕುಗಳು, ಕಾಯ್ದೆ ಹೇಗೆ ಹೇಳುತ್ತದೋ ಹಾಗೆ. ಆ ಪ್ರಕರಣದಲ್ಲಿ ರಾಯ್‌ಬರೇಲಿಯ ಜನ ನೇರವಾಗಿ ಆರಿಸಿದ್ದ ಅಧ್ಯಕ್ಷರನ್ನು ಸದಸ್ಯರು ಇಳಿಸಿದ್ದು ಸರಿ ಅಂತ ತೀರ್ಪಾಯಿತು. ಆ ತೀರ್ಪಿನ ಬಗ್ಗೆ ನನಗೆ ಬೇಸರವಿದೆ. ಆದರೆ ಅದರ ತರ್ಕ ನಮಗೂ ಅನ್ವಯಿಸುತ್ತದೆ. ಇಳಿಸುವ ಅಧಿಕಾರವನ್ನು ಸದಸ್ಯರಿಗೆ ಕಾಯ್ದೆ ಕೊಡಬಹುದಾದರೆ ಮತದಾರನಿಗೂ ಅದೇ ಕಾಯ್ದೆ ಕೊಡಬಹುದು. ಸ್ಥಳೀಯ ಸಂಸ್ಥೆಗಳು ರಾಜ್ಯಪಟ್ಟಿಯ ವಿಷಯ, ದೆಹಲಿಯ ಕಡೆ ನೋಡಬೇಕಿಲ್ಲ. ವಿಧಾನಸೌಧದಲ್ಲಿ ಒಂದು ತಿದ್ದುಪಡಿ ಸಾಕು.

ಹೇಗೆ ಬರೆಯಬೇಕು ಅನ್ನುವುದಕ್ಕೆ ಒಂದು ಊರಿನ ಉದಾಹರಣೆ ಹೇಳುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾಸ್ ಏಂಜಲೀಸ್ ಬಳಿ ಬೆಲ್ ಅಂತ ಸುಮಾರು 35 ಸಾವಿರ ಜನರ ಊರಿದೆ, ಹೆಚ್ಚಿನವರು ದುಡಿದು ತಿನ್ನುವವರು. ಅಲ್ಲಿನ ಆಡಳಿತಾಧಿಕಾರಿ ವರ್ಷಕ್ಕೆ ಸುಮಾರು 8 ಲಕ್ಷ ಡಾಲರ್ ಸಂಬಳ ಹೊಡೆಯುತ್ತಿದ್ದದ್ದು 2010ರಲ್ಲಿ ಬಯಲಾಯಿತು, ಅರೆಕಾಲಿಕ ಕೌನ್ಸಿಲ್ ಸದಸ್ಯರೂ ಒಂದು ಲಕ್ಷದ ಆಸುಪಾಸು ತೆಗೆದುಕೊಳ್ಳುತ್ತಿದ್ದರು. ಜನ ಸಹಿ ಸಂಗ್ರಹಿಸಿದರು, 2011ರ ಮಾರ್ಚ್ 8ರಂದು ಮತದಾನವಾಯಿತು, ಆ ಸದಸ್ಯರು ಹೋದರು. ಅಲ್ಲಿ ಕಾಯ್ದೆ ಬಹಳ ಕರಾರುವಾಕ್ಕಾಗಿದೆ. ಮೊದಲು ಯಾಕೆ ಇಳಿಸಬೇಕು ಅಂತ 200 ಪದ ಮೀರದ ಕಾರಣ ಬರೆದು ಆ ಸದಸ್ಯನಿಗೇ ತಲುಪಿಸಬೇಕು. 7 ದಿನದಲ್ಲಿ ಅವನು 200 ಪದ ಮೀರದ ಉತ್ತರ ಕೊಡಬಹುದು. ಸಹಿ ಸಂಗ್ರಹದ ಹಾಳೆಯಲ್ಲಿ ಎರಡೂ ಅಚ್ಚಾಗುತ್ತವೆ, ಸಹಿ ಹಾಕುವವನು ಎರಡನ್ನೂ ಓದಿಕೊಳ್ಳಬಹುದು. ಎಷ್ಟು ಸಹಿ ಬೇಕು ಅನ್ನುವುದು ಊರಿನ ಗಾತ್ರದ ಮೇಲೆ: ಸಾವಿರಕ್ಕಿಂತ ಕಡಿಮೆ ಮತದಾರರಿದ್ದರೆ ಶೇ 30, ಹತ್ತು ಸಾವಿರದೊಳಗೆ ಶೇ 25, ಐವತ್ತು ಸಾವಿರದೊಳಗೆ ಶೇ 20, ಹೀಗೆ ದೊಡ್ಡ ಊರಿಗೆ ಕಡಿಮೆಯಾಗುತ್ತಾ ಶೇ 10ಕ್ಕೆ ಇಳಿಯುತ್ತದೆ. ಸಮಯವೂ ಹಾಗೇ, ಪುಟ್ಟ ಊರಿಗೆ 40 ದಿನ, ದೊಡ್ಡದಕ್ಕೆ 160 ದಿನದವರೆಗೆ. ಅಧಿಕಾರಕ್ಕೆ ಬಂದ ಮೊದಲ 90 ದಿನ ಮುಟ್ಟುವಂತಿಲ್ಲ, ಅವಧಿ ಮುಗಿಯಲು ಆರು ತಿಂಗಳಿಗಿಂತ ಕಡಿಮೆ ಇದ್ದರೂ ಮುಟ್ಟುವಂತಿಲ್ಲ. ನಮ್ಮ ತಿದ್ದುಪಡಿಗೆ ಬೇಕಾದ ಸಾಮಗ್ರಿ ಬಹುಪಾಲು ಇಲ್ಲೇ ಇದೆ.

ಈಗ ನೀವು ಹೇಳುವ ಮಾತು ನನಗೆ ಗೊತ್ತು. ‘ನಮ್ಮೂರುಗಳಲ್ಲಿ ಇದು ಬಂದರೆ ಮೊದಲು ಇಳಿಯುವವರು ಮೀಸಲು ಕ್ಷೇತ್ರದಿಂದ ಬಂದ ದಲಿತ ಅಧ್ಯಕ್ಷರು, ಹೆಣ್ಣುಮಕ್ಕಳು. ದೊಡ್ಡ ಜಾತಿಯವರು ಸಹಿ ತರುವುದು ಎಷ್ಟು ಹೊತ್ತಿನ ಕೆಲಸ?’ ಈ ಭಯ ಸುಳ್ಳಲ್ಲ. ಆದರೆ ಇವತ್ತು ಅವರನ್ನು ಯಾರು ಕಾಪಾಡುತ್ತಿದ್ದಾರೆ, ಹೇಳಿ? 17 ಜನರ ಪಂಚಾಯ್ತಿಯಲ್ಲಿ 12 ಜನರನ್ನು ಒಂದು ಗಾಡಿಯಲ್ಲಿ ತುಂಬಿದರೆ ದಲಿತ ಅಧ್ಯಕ್ಷೆಯ ಕುರ್ಚಿ ಹೋಯಿತು. ಮಾತು ಕೇಳದ ಅಧ್ಯಕ್ಷೆಯನ್ನು 15 ತಿಂಗಳು ತುಂಬಿದ ವಾರವೇ ಇಳಿಸುವುದು ನಮ್ಮ ಕಣ್ಣೆದುರೇ ನಡೆಯುತ್ತಿದೆ. ಐದು ಸಾವಿರ ಮತದಾರರನ್ನು ತುಂಬುವ ಗಾಡಿ ಯಾರ ಹತ್ತಿರವೂ ಇಲ್ಲ. ಗುಪ್ತ ಮತದಾನದಲ್ಲಿ ಕೇರಿಯ ಮತವೂ, ಮನೆಯೊಳಗಿನ ಹೆಣ್ಣುಮಗಳ ಮತವೂ ಎಣಿಕೆಗೆ ಬರುತ್ತವೆ. ನೀರು ತಂದುಕೊಟ್ಟ ಅಧ್ಯಕ್ಷೆಯನ್ನು ಉಳಿಸುವವರು ಅವರೇ. ಸದಸ್ಯರ ಕೋಣೆಯಲ್ಲಿ ಅವಳ ಪರ ಮಾತಾಡಲು ಅವರಿಗೆ ಬಾಗಿಲೇ ಇಲ್ಲ.

‘ಪದೇಪದೇ ಚುನಾವಣೆ, ಖರ್ಚು, ಅಸ್ಥಿರತೆ’ ಅನ್ನುವ ವಾದಕ್ಕೆ ನಾನು ಹೆಚ್ಚು ಸಮಯ ಕೊಡುವುದಿಲ್ಲ. ಒಂದು ಅವಧಿಗೆ ಒಂದೇ ಸಲ ಅಂತ ಬರೆದರೆ ಮುಗಿಯಿತು.

ಸರಿ, ಕಾನೂನು ಬರುವವರೆಗೆ ಏನು? ಹಳ್ಳಿಯವರಿಗೆ ನಾನು ಮೇಲೆ ಹೇಳಿದ ಆ ಬೇರೆ ಕಾಗದ ಇದು. ಗ್ರಾಮಸಭೆಯ ಸದಸ್ಯರಲ್ಲಿ, ಅಂದರೆ ಮತದಾರರ ಪಟ್ಟಿಯಲ್ಲಿರುವವರಲ್ಲಿ, ಶೇ 10ರಷ್ಟು ಜನ ಚರ್ಚೆಯ ವಿಷಯ ನಮೂದಿಸಿ ಲಿಖಿತವಾಗಿ ಕೇಳಿದರೆ ವಿಶೇಷ ಗ್ರಾಮಸಭೆ ಕರೆಯಲೇಬೇಕು. ನಮ್ಮ ಕಾಯ್ದೆಯಲ್ಲಿ ಮತದಾರನ ಸಹಿಗೆ ತೂಕವಿರುವ ಜಾಗ ಇದು. ಐದು ಸಾವಿರ ಮತದಾರರಿದ್ದರೆ 500 ಸಹಿ. ಎರಡು ವಿಶೇಷ ಗ್ರಾಮಸಭೆಗಳ ನಡುವೆ ಮೂರು ತಿಂಗಳ ಅಂತರ ಇರಬೇಕು. ‘ಭ್ರಷ್ಟಾಚಾರದ ಬಗ್ಗೆ ಚರ್ಚೆ’ ಅಂತ ಬರೆಯಬೇಡಿ, ಪಿಡಿಒ ಅದನ್ನು ಅಸ್ಪಷ್ಟ ಅಂತ ಬದಿಗಿಡುತ್ತಾರೆ. ಇಂಥ ವರ್ಷ, ಇಂಥ ಕಾಮಗಾರಿ, ಇಂಥ ಬಿಲ್ಲು, ಅದರ ಎಂ.ಬಿ. ಪುಸ್ತಕ (ಕಾಮಗಾರಿಯ ಅಳತೆ ಬರೆದಿಡುವ ಪುಸ್ತಕ), ನಗದು ಪುಸ್ತಕ ಸಭೆಯ ಮುಂದಿಡಬೇಕು ಅಂತ ಬರೆಯಿರಿ. ಸಹಿಯ ಪಕ್ಕದಲ್ಲಿ ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಇರಲಿ. ಬರೀ ಗುರುತಿನ ಚೀಟಿಯ ನಂಬರಿದ್ದರೆ ಪರಿಶೀಲನೆ ಎಳೆಯುತ್ತಾ ಹೋಗುತ್ತದೆ. ಸಭೆ ಮುಗಿಯುವ ಮೊದಲೇ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ ಹೇಳಿಸಿ, ಫೋಟೊ ತೆಗೆದುಕೊಳ್ಳಿ. ‘ಆಮೇಲೆ ಬರೆಯುತ್ತೇವೆ’ ಅಂದ ನಡಾವಳಿಯಲ್ಲಿ ನಿಮ್ಮ ನಿರ್ಣಯ ಇರುವುದಿಲ್ಲ.

ಅದಕ್ಕೂ ಮುಂಚೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಮ್ಮ ರಾಜ್ಯದ ನಿಯಮ ಇದು, ಇದನ್ನು ತಪ್ಪಿದ ಅರ್ಜಿಗಳೇ ಹೆಚ್ಚು ತಿರಸ್ಕಾರವಾಗುವುದು. ದಾಖಲೆ ಕೈಗೆ ಬಂದ ಮೇಲೆ ಸದಸ್ಯನ ದುರ್ನಡತೆಗೆ ಪ್ರಕರಣ 43ಎ, ಅಧ್ಯಕ್ಷರ ದುರ್ನಡತೆ ಅಥವಾ ಕರ್ತವ್ಯಲೋಪಕ್ಕೆ 48(4) ಹಿಡಿದು ಜಿಲ್ಲಾ ಪಂಚಾಯ್ತಿ ಸಿಇಒಗೆ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ) ದೂರು ಕೊಡಿ, ಗ್ರಾಮಸಭೆಯ ನಿರ್ಣಯದ ದೃಢೀಕೃತ ಪ್ರತಿ ಲಗತ್ತಿಸಿ. ಈ ದಾರಿಯಲ್ಲಿ ಸದಸ್ಯತ್ವವೇ ಹೋಗುವುದುಂಟು. ತೆಗೆಯುವವರು ಮಾತ್ರ ಸರ್ಕಾರ. ವಿಚಾರಣೆ, ನೋಟಿಸು, ಉತ್ತರ, ಮತ್ತೆ ವಿಚಾರಣೆ ಅಂತ ಅವಧಿಯೇ ಮುಗಿದುಹೋದ ಕಡತಗಳು ಪ್ರತಿ ಜಿಲ್ಲೆಯಲ್ಲೂ ಇವೆ. ಮತ್ತೆ ಅದೇ ಕೊರಗು: ಕೊನೆಗೂ ಸಹಿ ಬೇರೆಯವರದ್ದೇ.

ತಿದ್ದುಪಡಿಯ ಬಗ್ಗೆ ನನ್ನ ಬೇಡಿಕೆ ಹೀಗಿದೆ. ವಾರ್ಡಿನ ಮತದಾರರಲ್ಲಿ ಕಾಲು ಭಾಗ ಸಹಿ ಹಾಕಿದರೆ ಆ ಸದಸ್ಯನ ಮೇಲೆ ಮತದಾನ ಆಗಲೇಬೇಕು. 900 ಮತದಾರರಿದ್ದರೆ 225 ಸಹಿ. ಮೊದಲ ವರ್ಷ ಮತ್ತು ಕೊನೆಯ ಆರು ತಿಂಗಳು ಬೇಡ. ಖಾಲಿ ಕುರ್ಚಿಗೆ ಬಿದ್ದ ಮತ ಅರ್ಧಕ್ಕಿಂತ ಹೆಚ್ಚಿರಬೇಕು, ಜೊತೆಗೆ ಆ ಸದಸ್ಯ ಗೆದ್ದಾಗ ಪಡೆದ ಮತಕ್ಕಿಂತಲೂ ಹೆಚ್ಚಿರಬೇಕು, ಆಗ ಹತ್ತಿಪ್ಪತ್ತು ಜನ ಬಂದು ಒಬ್ಬರನ್ನು ಇಳಿಸಲು ಆಗುವುದಿಲ್ಲ. ಗ್ರಾಮ ಪಂಚಾಯ್ತಿಯ ಒಂದೊಂದು ವಾರ್ಡಿನಲ್ಲಿ ಎರಡು, ಮೂರು, ನಾಲ್ಕು ಸದಸ್ಯರಿರುತ್ತಾರೆ, ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಆದ್ದರಿಂದ ಯಾರ ಮೇಲೆ, ಯಾವ ಕಾರಣಕ್ಕೆ ಅನ್ನುವುದು ಹೆಸರು ಸಮೇತ ಹಾಳೆಯ ಮೇಲಿರಬೇಕು, ಅವರ ಉತ್ತರವೂ ಇರಬೇಕು.

ಇಷ್ಟು ಬರೆದರೂ ಒಂದು ಸಾಲು ಬಿಟ್ಟರೆ ಇಡೀ ಕಾನೂನು ವ್ಯರ್ಥ. ಸಹಿ ಹಾಕಿದವರ ಪಟ್ಟಿ ಆ ಸದಸ್ಯನ ಕೈಗೆ ಹೋಗಕೂಡದು. 900 ಮತದಾರರ ವಾರ್ಡಿನಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತು. ವಸತಿ ಯೋಜನೆಯ ಪಟ್ಟಿಯಲ್ಲಿ ಯಾರ ಹೆಸರು ಉಳಿಯಬೇಕು, ಯಾರ ಮನೆಯ ಮುಂದೆ ನಲ್ಲಿ ಬರಬೇಕು, ಯಾರಿಗೆ ಉದ್ಯೋಗ ಖಾತ್ರಿಯ ಕೆಲಸ ಸಿಗಬೇಕು ಅನ್ನುವುದರಲ್ಲಿ ಆ ಸದಸ್ಯನ ಕೈ ಇದೆ. ನಿನ್ನೆಯಿಂದ ಓಡಾಡುತ್ತಿರುವ ಆ ಹಾಳೆಗಳಲ್ಲಿ ನೂರಾರು ಬಡವರ ಹೆಸರು, ಗುರುತಿನ ಚೀಟಿಯ ನಂಬರು ಬಯಲಲ್ಲಿ ಬಿದ್ದಿವೆ. ದಯವಿಟ್ಟು ಇನ್ನು ಮುಂದೆ ಯಾರೂ ಅದನ್ನು ಫಾರ್ವರ್ಡ್ ಮಾಡಬೇಡಿ, ನಿಮ್ಮ ಗುಂಪಿನಲ್ಲಿ ಇದ್ದರೆ ಅಡ್ಮಿನ್‌ಗೆ ಹೇಳಿ ಇವತ್ತೇ ತೆಗೆಸಿ.